ಆತ್ಮವಿಚಾರದ ಗ್ರಂಥಗಳೂ ವಾಚಕರ ಭಿನ್ನಾಭಿಪ್ರಾಯಗಳೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಆತ್ಮವಿಚಾರದ ಗ್ರಂಥಗಳನ್ನು ಕುರಿತು ನಾಲ್ಕು ಮಾತುಗಳನ್ನು ವಿಜ್ಞಾಪಿಸಿಕೊಳ್ಳಬೇಕೆಂದು ಪೂಜ್ಯರಿಂದ ಅಪ್ಪಣೆಯಾಗಿದೆ. ಆ ಗ್ರಂಥಗಳಲ್ಲಿ ಅಡಕವಾಗಿರುವ ಸಿದ್ಧಾಂತಗಳನ್ನು ವಿವರಿಸುವ ಅಧಿಕಾರವು ಪೂಜ್ಯರಿಗೆ ಸಲ್ಲತಕ್ಕದ್ದು. ನಾನು ಕೈಕೊಂಡಿರುವ ವಿಷಯವು ಅದಕ್ಕಿಂತ ಸಣ್ಣದು. ಆದರೆ ನಿತ್ಯವೂ ನಮ್ಮೆದುರಿಗೆ ಬರತಕ್ಕದ್ದು. ಒಂದೇ ಗ್ರಂಥವನ್ನೋದಿದ ಇಬ್ಬರು ಅದನ್ನು ಎರಡು ಬಗೆಯಾಗಿ ಗ್ರಹಿಸುವುದೇಕೆ? ಹಾಗೆ ಗ್ರಹಿಸಿದಲ್ಲಿ ಅವರಿಬ್ಬರೂ ಪರಸ್ಪರ ಹೇಗೆ ನಡೆದುಕೊಳ್ಳತಕ್ಕದ್ದು? ಇವೆರಡು ಪ್ರಶ್ನೆಗಳೇ ನನ್ನ ವಿಷಯ.

ಶ್ರಾವಣಮಾಸದಲ್ಲಿ ನಮ್ಮ ಮಠಗಳಲ್ಲಿ ಪುರಾಣ ನಡೆಯುವ ಕ್ರಮವನ್ನು ತಾವೆಲ್ಲರೂ ಬಲ್ಲಿರಿ. ಶಾಸ್ತ್ರಿಗಳು ಪದ್ಯವನ್ನೋದಿ ಅರ್ಥ ಹೇಳುತ್ತಿರುವಾಗ ಒಬ್ಬರ ಕಣ್ಣುಗಳಲ್ಲಿ ನೀರು ತುಂಬುವುದು. ಅವರ ಮಗ್ಗುಲಲ್ಲಿ ಕುಳಿತವರು ತೂಕಡಿಸುವರು. ಮೂರನೆಯವರು ಶಾಸ್ತ್ರಿಗಳ ಅರ್ಥದಲ್ಲಿ ತಪ್ಪೆಣಿಸುವರು. ನಾಲ್ಕನೆಯವರು ಪುಣ್ಯವಾದರೂ ಬರಲೆಂದು ಕೈಮುಗಿದಿರುವರು. ಪುರಾಣ ಮುಗಿದು ಮಠದ ಮೆಟ್ಟಿಲಿಳಿಯುವಾಗ ಮಾತು ಹುಟ್ಟುವುದು. ಇಂತಹ ಗ್ರಂಥವು ಮತ್ತೊಂದಿಲ್ಲವೆಂದು ಒಬ್ಬರು. ಇದರಲ್ಲಿ ಹೊಸದೇನೂ ಇಲ್ಲವೆಂದು ಇನ್ನೊಬ್ಬರು. ಇದನ್ನು ಸ್ತ್ರೀಯರು ಮಕ್ಕಳು ಕೂಡಿದ ಸಭೆಯಲ್ಲಿ ಓದಬಾರದಿತ್ತೆಂದು ಮತ್ತೊಬ್ಬರು. ಇವರೆಲ್ಲರ ಹಿಂದೆ, ತನಗೆ ಒಂದಕ್ಷರವೂ ಹಿಡಿಸಲಿಲ್ಲವೆಂದು ಹೇಳಲು ಅಂಜಿ ಸುಮ್ಮನೆ ಮನೆಗೆ ಹೋಗುವ ತರುಣನೊಬ್ಬನಿರುವನು. ಮುಂದಿನ ವರ್ಷ ಅವನು ಬರುವುದಿಲ್ಲ. ನಮ್ಮ ವಿಚಾರವು ಮುಖ್ಯವಾಗಿ ಅವನನ್ನು ಕುರಿತದ್ದೆಂದು ಮೊದಲೇ ಹೇಳಿಬಿಡುವೆನು.

ಈ ಭಿನ್ನತೆಯನ್ನು ಕಂಡು ಕೆಲವು ಹಿರಿಯರು ಕಾಲವು ಕೆಟ್ಟಿತೆಂದು ವ್ಯಥೆಪಡುವುದುಂಟು. ಆದರೆ ಇದು ಈ ಕಾಲದ ದೋಷವಲ್ಲ. ನಾವು ನಿಂತಿರುವ ಈ ತುಂಗಭದ್ರೆಯ ದಡದಲ್ಲಿಯೇ ಎಂಟು ನೂರು ವರ್ಷಗಳಿಂದ ಇದು ನಡೆದುಬಂದಿರುವುದು. ನಡೆದುಬಂದು, ನಮ್ಮ ಧರ್ಮವನ್ನೂ ಸಾಹಿತ್ಯವನ್ನೂ ಬಡತನಕ್ಕೀಡುಮಾಡದೆ ಸಂಪನ್ನಗೊಳಿಸಿರುವುದು.

ಮೊದಲು ಒಂದು ಭೇದವನ್ನು ಗಮನಿಸೋಣ. ಕಂಪ್ಲಿಯ ಸೀಮೆಯಲ್ಲಿ ಕುಮಾರರಾಮನ ಕಥೆಯನ್ನು ಅರಿಯದವರು ವಿರಳ. ನಂಜುಂಡಕವಿಯು ಅದನ್ನು ಸಾಂಗತ್ಯದಲ್ಲಿ ಹಾಡಿರುವನು. ಓದುಬಾರದವರೂ ಅದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿರುವರು. ಮಲತಾಯಿಯಾದ ರತ್ನಾಜಿಯು ನಿರಪರಾಧಿಯಾದ ರಾಮನ ಮೇಲೆ ದೂರು ಹೊರಿಸುವಲ್ಲಿ ಕೇಳುವವರೆಲ್ಲರಿಗೂ ಒಂದೇ ಕೋಪ. ತಂದೆಯಾದ ಕಂಪಿಲರಾಯನು ಮಗನ ತಲೆ ತೆಗೆಯಿರೆಂದು ಅಪ್ಪಣೆಮಾಡುವಲ್ಲಿ ಎಲ್ಲರಿಗೂ ಒಂದೇ ಸಂಕಟ. ಆ ಕಥೆಯ ವಿಷಯದಲ್ಲಿ ಎರಡು ಪಕ್ಷಗಳಿಲ್ಲ. ಏಕೆಂದರೆ ವೀರನ ಕಥೆಯಲ್ಲಿ ಕೇಳುವವನು ದಡದ ಮೇಲೆ ನಿಂತು ನೋಡತಕ್ಕವನು. ಆತ್ಮವಿಚಾರದ ಗ್ರಂಥವಾದರೋ ಕೇಳುವವನನ್ನೇ ಹೊಳೆಯೊಳಗಿಳಿಸುವುದು. ಅಲ್ಲಿ ವಿಷಯವಾಗಿರುವವನು ಮತ್ತಾರೋ ಅರಸನ ಮಗನಲ್ಲ, ಓದುವ ತಾನೇ. ನೀರಿಗಿಳಿದವರಲ್ಲಿ ಈಜು ಬಲ್ಲವನಿಗೆ ಒಂದು ಅನುಭವ, ಬಾರದವನಿಗೆ ಒಂದು, ಬಾಯಾರಿ ಬಂದವನಿಗೆ ಮತ್ತೊಂದು. ಹೊಳೆ ಒಂದೇ ಆದರೂ ಅವರ ಮಾತುಗಳು ಒಂದಾಗಲಾರವು. ಆದುದರಿಂದ ಇಂತಹ ಗ್ರಂಥವನ್ನು ಕುರಿತ ಅಭಿಪ್ರಾಯವು ಗ್ರಂಥದ ಗುಣವನ್ನು ಎಷ್ಟು ತಿಳಿಸುವುದೋ ಓದಿದವನ ಸ್ಥಿತಿಯನ್ನೂ ಅಷ್ಟೇ ತಿಳಿಸುವುದು.

ಈ ಮಾತಿಗೆ ಪ್ರಮಾಣವನ್ನು ಹಂಪೆಯಲ್ಲಿಯೇ ನೋಡಬಹುದು. ಪಂಪಾವಿರೂಪಾಕ್ಷನ ಭಕ್ತನಾದ ಹರಿಹರನಿಗೆ ರಾಘವಾಂಕನು ಸೋದರಳಿಯನೂ ಶಿಷ್ಯನೂ ಆಗಿದ್ದನು. ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ರಚಿಸಿ ಗುರುವಿನ ಮುಂದಿಟ್ಟಾಗ, ಶಿವನನ್ನೂ ಶಿವಶರಣರನ್ನೂ ಬಿಟ್ಟು ಮನುಷ್ಯನಾದ ಅರಸನನ್ನು ಹೊಗಳಿದನೆಂದು ಗುರುವು ಕೋಪಿಸಿ ಹೊಡೆದನೆಂದೂ, ಶಿಷ್ಯನ ಹಲ್ಲುಗಳು ಉದುರಿದುವೆಂದೂ, ಬಳಿಕ ಶರಣರ ಚರಿತ್ರೆಗಳನ್ನು ಬರೆಯಲು ಅವು ಮರಳಿ ಮೂಡಿದುವೆಂದೂ ಐತಿಹ್ಯವಿದೆ. ಹಲ್ಲಿನ ಮಾತು ಹಾಗಿರಲಿ; ಕಥೆಯ ತಾತ್ಪರ್ಯವನ್ನು ಗ್ರಹಿಸೋಣ. ಕನ್ನಡದ ಒಂದು ಮಹಾಕಾವ್ಯಕ್ಕೆ ದೊರೆತ ಮೊದಲನೆಯ ವಾಚಕನು ಅದನ್ನು ಒಪ್ಪಲಿಲ್ಲವೆಂದು ಪರಂಪರೆಯೇ ಹೇಳುತ್ತಿದೆ. ಆ ವಾಚಕನು ಸಾಮಾನ್ಯನಲ್ಲ, ಹರಿಹರ! ಅವನು ಆ ಕಾವ್ಯದಲ್ಲಿ ನರಸ್ತುತಿಯನ್ನು ಕಂಡನು. ಅನಂತರದ ವಾಚಕರು ಅದೇ ಕಾವ್ಯದಲ್ಲಿ ಸತ್ಯವೇ ಶಿವನೆಂಬ ತತ್ತ್ವವನ್ನು ಕಂಡರು. ಇಂದು ರಾಘವಾಂಕನ ಗ್ರಂಥಗಳಲ್ಲಿ ಜನರ ಹೃದಯಕ್ಕೆ ಅತ್ಯಂತ ಸಮೀಪವಾಗಿರುವುದು ಗುರುವು ಒಪ್ಪದ ಆ ಹರಿಶ್ಚಂದ್ರಕಾವ್ಯವೇ.

ಹಾಗಾದರೆ ಹರಿಹರನು ತಪ್ಪಿದನೇ? ಅಲ್ಲ. ಅವನ ದೃಷ್ಟಿಯಲ್ಲಿ ವಾಣಿಯು ಶಿವನಿಗೆ ಮೀಸಲು. ಆ ನಿಷ್ಠೆಯಿಂದಲೇ ಅವನು ಅಷ್ಟೊಂದು ಶರಣರ ರಗಳೆಗಳನ್ನು ಬರೆದನು. ಆ ನಿಷ್ಠೆಯು ಶಿಷ್ಯನನ್ನು ತಾಗಿದುದರಿಂದ ನಮಗೆ ಸಿದ್ಧರಾಮಚಾರಿತ್ರವು ದೊರೆಯಿತೆಂದು ಐತಿಹ್ಯದ ಭಾವ. ಗುರುವಿನ ಅಸಮ್ಮತಿಯಿಂದ ಒಂದು ಗ್ರಂಥ ಹುಟ್ಟಿತು. ಜನರ ಸಮ್ಮತಿಯಿಂದ ಮತ್ತೊಂದು ಗ್ರಂಥ ಬಾಳಿತು. ಇದರಲ್ಲಿ ನಷ್ಟವಾದುದು ಯಾವುದು?

ಇದಕ್ಕಿಂತಲೂ ಆಳವಾದ ನಿದರ್ಶನವು ಅಲ್ಲಮಪ್ರಭುವಿನ ಚರಿತ್ರೆಯಲ್ಲಿದೆ. ಹರಿಹರನು ಪ್ರಭುದೇವರ ರಗಳೆಯನ್ನು ಬರೆದನು. ಅದರಲ್ಲಿ ಅಲ್ಲಮನು ಕಮಲತೆಯೆಂಬ ಚೆಲುವೆಯನ್ನು ಕಂಡು ಮೋಹಗೊಳ್ಳುವನು. ಅವಳನ್ನು ವರಿಸಿ ಸುಖದಲ್ಲಿ ಮೈಮರೆಯುವನು. ಅವಳು ಜ್ವರದಿಂದ ಮಡಿದಾಗ ದುಃಖದಿಂದ ಹುಚ್ಚನಂತಾಗಿ ಅಲೆಯುವನು. ಹಾಗೆ ಅಲೆಯುತ್ತ ತೋಟವೊಂದರಲ್ಲಿ ಕುಳಿತು ನೆಲವನ್ನು ಕೆದಕುತ್ತಿರುವಾಗ ಹೂತುಹೋದ ದೇಗುಲದ ಕಳಶವು ಕಾಣುವುದು. ಅಗೆಯಿಸಿ ಬಾಗಿಲನ್ನು ತೆರೆದು ಒಳಹೊಕ್ಕಾಗ ಅನಿಮಿಷಯ್ಯನು ಯೋಗದಲ್ಲಿರುವನು. ಆತನ ಕರದ ಲಿಂಗವು ಅಲ್ಲಮನ ಕರಕ್ಕೆ ಬರುವುದು. ಇದು ಹರಿಹರನು ಕಂಡ ಪ್ರಭು: ಪ್ರೀತಿಸಿದವನು, ಕಳೆದುಕೊಂಡವನು, ಅತ್ತವನು, ಆ ಬಳಿಕ ಪಡೆದವನು.

ಎರಡು ಶತಮಾನಗಳ ತರುವಾಯ, ಪ್ರೌಢದೇವರಾಯನು ಆಳುತ್ತಿದ್ದ ಕಾಲದಲ್ಲಿ (೧೪೨೪–೧೪೪೬), ಅದೇ ವಿಜಯನಗರದಲ್ಲಿ ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. ಇಪ್ಪತ್ತೈದು ಗತಿಗಳು, ಸಾವಿರದ ನೂರಹನ್ನೊಂದು ಭಾಮಿನೀ ಷಟ್ಪದಿಗಳು. ಇಲ್ಲಿಯ ಅಲ್ಲಮನೇ ಬೇರೆ. ಪಾರ್ವತಿಯು ಪ್ರಭುವನ್ನು ಗೆಲ್ಲಬೇಕೆಂದು ತನ್ನ ತಾಮಸಕಳೆಯನ್ನು ಭೂಮಿಗೆ ಕಳುಹುವಳು; ಅದು ಬನವಾಸಿಯಲ್ಲಿ ಮಮಕಾರನೆಂಬ ಅರಸನ ಮಗಳು ಮಾಯೆಯಾಗಿ ಜನಿಸುವುದು. ಮದ್ದಳೆಯನ್ನು ನುಡಿಸುತ್ತ ಬಂದ ಅಲ್ಲಮನಿಗೆ ಮಾಯೆಯು ಮನಸೋಲುವಳು; ಅಲ್ಲಮನಾದರೋ ಅವಳ ಕೈಗೆ ಸಿಕ್ಕದವನು. ಹರಿಹರನ ಪ್ರಭುವು ಮೋಹವನ್ನು ಹಾದುಬಂದವನು. ಚಾಮರಸನ ಪ್ರಭುವನ್ನು ಮೋಹವು ಮುಟ್ಟಲೇ ಇಲ್ಲ. ಒಬ್ಬನೇ ಶರಣ, ಒಂದೇ ಊರು, ಇಬ್ಬರು ಶಿವಭಕ್ತ ಕವಿಗಳು. ಆದರೆ ಆತ್ಮದ ದಾರಿಯನ್ನು ಕುರಿತು ಎರಡು ಬೇರೆ ಬೇರೆ ಉತ್ತರಗಳು.

ಹರಿಹರನ ಕಥೆಯು ಪ್ರಭುವಿಗೆ ಕುಂದು ತರುವುದೆಂದು ಹೇಳುವವರು ಹಿಂದೆಯೂ ಇದ್ದರು, ಇಂದೂ ಇರುವರು. ಚಾಮರಸನ ಕಥೆಯು ಮನುಷ್ಯನಿಗೆ ನಿಲುಕದೆಂದು ಹೇಳುವವರೂ ಉಂಟು. ಈ ವಿವಾದವು ಕೇವಲ ಪಂಡಿತರದೆಂದು ಭಾವಿಸಬೇಡಿರಿ. ಕಂಪ್ಲಿಯ ಗದ್ದೆಯಲ್ಲಿ ದುಡಿಯುವ ಒಬ್ಬ ಒಕ್ಕಲಿಗನನ್ನು ನೆನೆದುಕೊಳ್ಳಿರಿ. ಅವನ ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿದೆ. ಪುರಾಣಕ್ಕೆ ಬಂದು ಕಂಬಕ್ಕೊರಗಿ ಕುಳಿತಿರುವನು. ಮಾಯೆಯನ್ನು ಗೆದ್ದ ಪ್ರಭುವಿನ ಚರಿತ್ರೆಯನ್ನು ಕೇಳಿ ಅವನು ತಲೆದೂಗಬಹುದು. ಆದರೆ ತನ್ನ ದುಃಖವೇ ಒಂದು ಅಪರಾಧವೆಂಬ ಭಾವವೂ ಅವನಲ್ಲಿ ಹುಟ್ಟಬಹುದು. ಕಮಲತೆಯನ್ನು ಕಳೆದುಕೊಂಡು ಅಲೆದ ಅಲ್ಲಮನ ಕಥೆಯನ್ನು ಅವನಿಗೆ ಹೇಳಿರಿ. ನೆಲವನ್ನು ಕೆದಕುತ್ತಿದ್ದ ಆ ದುಃಖಿಯ ಕಾಲ ಕೆಳಗೇ ದೇಗುಲವಿದ್ದಿತೆಂಬ ಮಾತು ಅವನಿಗೆ ಔಷಧವಾಗುವುದು. ಇನ್ನು ಅದೇ ಸಭೆಯಲ್ಲಿ, ವ್ಯಾಪಾರದಲ್ಲಿ ನಾಲ್ಕು ಕಾಸು ಸೇರಿ, ದುಶ್ಚಟಗಳು ಮೆಲ್ಲನೆ ಮನೆಯೊಳಗೆ ಕಾಲಿಡುತ್ತಿರುವ ಒಬ್ಬ ಯುವಕನಿರಬಹುದು. ಅವನಿಗೆ ಕಮಲತೆಯ ಕಥೆಯು ಒಂದು ನೆವವಾದೀತು. ಅವನಿಗೆ ಬೇಕಾದುದು ಮದ್ದಳೆಯನ್ನು ನುಡಿಸುತ್ತಲೇ ಮಾಯೆಯ ಕೈತಪ್ಪಿಸಿ ನಡೆದ ಪ್ರಭುವು. ಒಬ್ಬನಿಗೆ ಪಥ್ಯವಾದುದು ಮತ್ತೊಬ್ಬನಿಗೆ ಅಪಥ್ಯ. ನಮ್ಮ ಪೂರ್ವಿಕರು ಇವೆರಡು ಗ್ರಂಥಗಳಲ್ಲಿ ಒಂದನ್ನು ಹೊಳೆಗೆ ಬಿಟ್ಟು ಮತ್ತೊಂದನ್ನು ಉಳಿಸಿಕೊಳ್ಳಲಿಲ್ಲ. ಎರಡನ್ನೂ ಓಲೆಯಲ್ಲಿ ಬರೆಯಿಸಿ ಕಾಪಾಡಿದರು. ಅವರ ಈ ವಿವೇಕವು ಸಾಮಾನ್ಯವಾದುದಲ್ಲ.

ವಿಜಯನಗರದ ಕಾಲದಲ್ಲಿಯೇ ಹುಟ್ಟಿದ ಶೂನ್ಯಸಂಪಾದನೆಯ ಇತಿಹಾಸವು ಇದನ್ನು ಇನ್ನಷ್ಟು ಸ್ಪಷ್ಟಪಡಿಸುವುದು. ಶಿವಗಣಪ್ರಸಾದಿ ಮಹಾದೇವಯ್ಯಗಳು ಬಿಡಿ ಬಿಡಿಯಾಗಿದ್ದ ವಚನಗಳನ್ನು ಪ್ರಭುವನ್ನು ನಡುವಿರಿಸಿ ಸಂವಾದರೂಪವಾಗಿ ಹೊಂದಿಸಿದರು. ಅದನ್ನೋದಿದ ಹಲಗೆಯಾರ್ಯರು ಅದನ್ನು ಮತ್ತೆ ತಮ್ಮ ದೃಷ್ಟಿಗನುಸಾರವಾಗಿ ಸಂಪಾದಿಸಿದರು. ಅವರ ತರುವಾಯ ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ, ಕಡೆಯಲ್ಲಿ ಗೂಳೂರು ಸಿದ್ಧವೀರಣ್ಣೊಡೆಯರೂ ಹಾಗೆಯೇ ಮಾಡಿದರು. ಒಂದು ಗ್ರಂಥಕ್ಕೆ ನಾಲ್ಕು ಸಂಪಾದನೆಗಳು! ಇವರಲ್ಲಿ ಹಿಂದಿನವರ ಗ್ರಂಥವನ್ನು ಓದಿದ ಮೂವರು ಮೊದಲು ವಾಚಕರು, ಅನಂತರ ಸಂಪಾದಕರು. ಓದಿ ಪೂರ್ಣ ತೃಪ್ತಿಯಾಗದಿದ್ದಾಗ ಅವರು ನಿಂದೆಗೆ ಹೊರಡಲಿಲ್ಲ, ಕುಳಿತು ಬರೆದರು.

ಅವರ ಭೇದವು ಸಣ್ಣ ವಿಷಯಗಳದೂ ಅಲ್ಲ. ಸೊನ್ನಲಿಗೆಯ ಸಿದ್ಧರಾಮಯ್ಯದೇವರು ಕೆರೆಕಟ್ಟೆಗಳನ್ನು ಕಟ್ಟಿಸಿದ ಕರ್ಮಯೋಗಿಗಳು, ಮಹಾಯೋಗಿಗಳು. ಅವರಿಗೆ ಇಷ್ಟಲಿಂಗದ ದೀಕ್ಷೆಯು ಬೇಕಾಯಿತೇ, ಬೇಕಾಗಲಿಲ್ಲವೇ? ಮಹಾದೇವಯ್ಯಗಳ ಸಂಪಾದನೆಯಲ್ಲಿ ಆ ದೀಕ್ಷೆಯ ಪ್ರಸಂಗವಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯರ ಸಂಪಾದನೆಯಲ್ಲಿ ಚೆನ್ನಬಸವಣ್ಣನವರಿಂದ ಸಿದ್ಧರಾಮರಿಗೆ ದೀಕ್ಷೆಯಾಗುವುದು. ಇದು ಒಂದು ಕಥಾಪ್ರಸಂಗದ ಹೆಚ್ಚು ಕಡಿಮೆಯಲ್ಲ. ಅಂತರಂಗದಲ್ಲಿ ಪರಿಪೂರ್ಣನಾದವನಿಗೆ ಬಹಿರಂಗದ ಕುರುಹು ಬೇಕೇ ಎಂಬ ಪ್ರಶ್ನೆಯೇ ಅದರ ಮರೆಯಲ್ಲಿದೆ. ಲಿಂಗಾಯತಧರ್ಮದ ಮರ್ಮಸ್ಥಾನವನ್ನೇ ಮುಟ್ಟುವ ಇಂತಹ ಪ್ರಶ್ನೆಯಲ್ಲಿಯೂ ಎರಡು ಉತ್ತರಗಳುಳ್ಳ ಗ್ರಂಥಗಳು ನಮ್ಮ ಮಠಗಳ ಕಪಾಟುಗಳಲ್ಲಿ ಒಂದರ ಮಗ್ಗುಲಲ್ಲೊಂದು ಉಳಿದುವು. ಹೀಗಿರಲು, ಈಗ ಒಂದು ಸಣ್ಣ ಹೊತ್ತಗೆಯನ್ನು ನೆರೆಯವನು ತನ್ನಂತೆ ಮೆಚ್ಚಲಿಲ್ಲವೆಂದು ಮುನಿಯುವುದು ನಮಗೆ ಒಪ್ಪುವುದೇ?

ನಿಜಗುಣ ಶಿವಯೋಗಿಗಳ ಗ್ರಂಥಗಳ ಮಾತನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಪರಮಾನುಭವಬೋಧೆ, ಕೈವಲ್ಯಪದ್ಧತಿ, ವಿವೇಕಚಿಂತಾಮಣಿ ಮೊದಲಾದುವು ಕನ್ನಡ ನಾಡಿನಲ್ಲಿ ಆತ್ಮವಿಚಾರಕ್ಕೆ ತೊಡಗುವವರ ಕೈಪಿಡಿಗಳಾಗಿ ಬಂದಿರುವುವು. ಅದ್ವೈತಿಗಳು ಅವನ್ನು ಓದಿ ಇವರು ನಮ್ಮವರೆನ್ನುವರು. ವೀರಶೈವರು ಓದಿ ಇವರು ನಮ್ಮವರೆನ್ನುವರು. ೧೯೨೯ರಲ್ಲಿ ಲಿಂಗೈಕ್ಯರಾದ ಹುಬ್ಬಳ್ಳಿಯ ಸಿದ್ಧಾರೂಢರ ಸನ್ನಿಧಿಯಲ್ಲಿ ಆ ಶಾಸ್ತ್ರಗಳ ಶ್ರವಣವು ನಡೆಯುತ್ತಿದ್ದಾಗ ಜಾತಿಮತಗಳ ಎಣಿಕೆಯಿಲ್ಲದೆ ಜನರು ಕುಳಿತು ಕೇಳುತ್ತಿದ್ದರು. ಗ್ರಂಥವು ಯಾರ ಸಿದ್ಧಾಂತದ್ದೆಂಬ ವಾದವು ಪಂಡಿತರಲ್ಲಿ ಮುಂದುವರಿಯಿತು. ಅದರಿಂದ ಶಾಂತಿಯನ್ನು ಪಡೆದವರು ಆ ವಾದವು ಮುಗಿಯಲೆಂದು ಕಾಯಲಿಲ್ಲ.

ಇದುವರೆಗೆ ಹೇಳಿದುದು ಓಲೆಗರಿಯ ಕಾಲದ ಮಾತು. ಆಗ ಗ್ರಂಥವು ಗುರುವಿನ ಕೈಯಿಂದ ಶಿಷ್ಯನ ಕೈಗೆ ಬರುತ್ತಿದ್ದಿತು. ವಾಚಕನು ಯಾರೆಂಬುದನ್ನು ಗುರುವು ಬಲ್ಲವನಾಗಿದ್ದನು. ಅಚ್ಚಿನ ಯಂತ್ರವು ಬಂದ ಬಳಿಕ ಗ್ರಂಥಕ್ಕೂ ವಾಚಕನಿಗೂ ನಡುವೆ ಗುರುವಿಲ್ಲದಾಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಊರೂರು ತಿರುಗಿ ಓಲೆಯ ಕಟ್ಟುಗಳನ್ನು ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಬೆಳಗಾವಿಯಲ್ಲಿ ಅಚ್ಚುಹಾಕಿಸಿದರು. ಮುಂದೆ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಪ್ರಾರಂಭಿಸಿದರು. ಅದೇ ವರ್ಷ ನಮ್ಮ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನೇ ಅಧ್ಯಕ್ಷಸ್ಥಾನದಲ್ಲಿ ಕುಳ್ಳಿರಿಸಿತು. ಜಗಲಿಯ ಮೇಲೆ ಪತ್ರೆ ಹೂವುಗಳಿಂದ ಪೂಜೆಗೊಳ್ಳುತ್ತಿದ್ದ ಕಟ್ಟು ಹೀಗೆ ಪೇಟೆಯಲ್ಲಿ ಕಾಸಿಗೆ ದೊರೆಯುವ ಪುಸ್ತಕವಾಯಿತು. ಪೂಜಿಸುವವನಿಗೆ ಓದುವ ಅವಕಾಶ ದೊರೆಯಿತು. ಓದುವವನಿಗೆ ತನ್ನದೇ ಅಭಿಪ್ರಾಯವನ್ನು ತಾಳುವ ಅವಕಾಶವೂ ದೊರೆಯಿತು.

ಅಂದಿನಿಂದ ವಚನಗಳ ವಾಚಕರಲ್ಲಿ ಮುಖ್ಯವಾಗಿ ಮೂರು ಬಗೆಯವರನ್ನು ಕಾಣಬಹುದು. ಮೊದಲನೆಯವರು ಅವುಗಳಲ್ಲಿ ಷಟ್‌ಸ್ಥಲದ ಸಾಧನೆಯನ್ನೂ ಲಿಂಗಾಂಗಸಾಮರಸ್ಯವನ್ನೂ ಕಾಣುವರು. ಎರಡನೆಯವರು ಜಾತಿಭೇದದ ನಿರಾಕರಣೆಯನ್ನೂ ಕಾಯಕದ ಗೌರವವನ್ನೂ ಸ್ತ್ರೀಯರ ಸಮಾನತೆಯನ್ನೂ ಕಾಣುವರು. ಮೂರನೆಯವರು ನುಡಿಯ ಸೊಬಗನ್ನು ಕಂಡು ಸಾಹಿತ್ಯವೆಂದು ಸವಿಯುವರು. ಮೊದಲನೆಯವರು ಎರಡನೆಯವರನ್ನು ಲೌಕಿಕರೆಂದೂ, ಎರಡನೆಯವರು ಮೊದಲನೆಯವರನ್ನು ಜಗತ್ತಿನಿಂದ ಪಲಾಯನ ಮಾಡುವವರೆಂದೂ, ಇವರಿಬ್ಬರೂ ಕೂಡಿ ಮೂರನೆಯವರನ್ನು ಬರಿಯ ರಸಿಕರೆಂದೂ ಹಳಿಯುವುದುಂಟು. ವಾಸ್ತವವಾಗಿ ಬಸವಣ್ಣನವರಲ್ಲಿ ಈ ಮೂರೂ ಬೇರೆಬೇರೆಯಾಗಿ ಇರಲಿಲ್ಲ. ಬೇರೆಯಾದುದು ನಮ್ಮಲ್ಲಿ.

ಹೊರಗಿನವರ ಓದಿನಿಂದ ನಮಗೆ ದೊರೆತ ಲಾಭವನ್ನೂ ಮರೆಯಬಾರದು. ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರು ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅನುಭವಮಂಟಪವು ನಿಜವಾಗಿ ಇದ್ದಿತೇ ಎಂದು ಕೆಲವರು ಸಂಶಯಪಟ್ಟಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಬರೆದವರೂ ಅವರೇ. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕೊರಳಲ್ಲಿ ಲಿಂಗವಿಲ್ಲದ ವಾಚಕನೊಬ್ಬನು ಲಿಂಗವಂತರ ಮಂಟಪಕ್ಕೆ ಕಾವಲು ನಿಂತನು! ಭಿನ್ನದೃಷ್ಟಿಯವನೆಲ್ಲ ವೈರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಮುದ್ರದಾಚೆಗೂ ಇದೇ ಸಂಗತಿ. ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ದಾಸಿಮಯ್ಯ, ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನಾಯ್ದು ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕನ್ನಡದ ಹೆಸರನ್ನೇ ಕೇಳದಿದ್ದ ಅನೇಕರಿಗೆ ಶರಣರ ವಾಣಿಯನ್ನು ತಲುಪಿಸಿದ ಗ್ರಂಥವದು. ಅದಕ್ಕೆ ಮೆಚ್ಚುಗೆ ದೊರೆತಂತೆ ಆಕ್ಷೇಪವೂ ಬಂದಿತು. ಶರಣರನ್ನು ಪಾಶ್ಚಾತ್ಯರ ಅಭಿರುಚಿಗೂ ಅವರ ಧರ್ಮಭಾವನೆಗೂ ಹೊಂದುವಂತೆ ತಿದ್ದಲಾಗಿದೆಯೆಂದು ತೇಜಸ್ವಿನಿ ನಿರಂಜನ ಅವರು ೧೯೯೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಮರ್ಶಿಸಿದರು. ಈ ಆಕ್ಷೇಪವೂ ಒಂದು ಸೇವೆಯೇ. ಮೆಚ್ಚಿದವರಿಂದ ವಚನಗಳು ದೂರ ಹೋದುವು. ಆಕ್ಷೇಪಿಸಿದವರಿಂದ ನಾವು ಮೂಲಕ್ಕೆ ಮರಳಿದೆವು.

ಇಷ್ಟು ಹೇಳಿದ ಮೇಲೆ ಒಂದು ಸಂದೇಹ ಹುಟ್ಟುವುದು ಸಹಜ. ಹಾಗಾದರೆ ಯಾರು ಏನು ಹೇಳಿದರೂ ಸರಿಯೇ? ಎಲ್ಲ ಅರ್ಥಗಳೂ ಸಮವೇ? ಅಲ್ಲ. ಎರಡು ಮೇರೆಗಳುಂಟು.

ಮೊದಲನೆಯ ಮೇರೆಯು ಪಾಠದ್ದು. ಅರ್ಥದಲ್ಲಿ ವಾಚಕನು ಸ್ವತಂತ್ರನು, ಅಕ್ಷರದಲ್ಲಿ ಅಲ್ಲ. ಚಾಮರಸನು ಹರಿಹರನನ್ನು ಒಪ್ಪದಿದ್ದಾಗ ಹರಿಹರನ ರಗಳೆಯನ್ನು ತಿದ್ದಲಿಲ್ಲ; ತನ್ನ ಹೆಸರಿನಲ್ಲಿ ತನ್ನ ಕಾವ್ಯವನ್ನು ಬರೆದನು. ನಮ್ಮ ಕಾಲದಲ್ಲಿ ಮಾತೆ ಮಹಾದೇವಿಯವರು ತಮ್ಮ ವಚನದೀಪ್ತಿಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಅಚ್ಚುಹಾಕಿಸಿದಾಗ ಎದ್ದ ಕೋಲಾಹಲವನ್ನು ತಾವು ಬಲ್ಲಿರಿ. ೧೯೯೮ರಲ್ಲಿ ಸರ್ಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗ್ರಂಥವನ್ನು ನಿಷೇಧಿಸುವುದು ತಕ್ಕ ಉಪಾಯವೇ ಎಂಬ ವಿಷಯದಲ್ಲಿ ಸಜ್ಜನರಲ್ಲಿ ಎರಡಭಿಪ್ರಾಯಗಳಿರಬಹುದು. ಆದರೆ ಶರಣನ ಅಂಕಿತವು ಅವನ ಉಸಿರು. ಅದನ್ನು ಬದಲಿಸಲು ವಾಚಕನಿಗೆ ಅಧಿಕಾರವಿಲ್ಲವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮೂಲವು ಶುದ್ಧವಾಗಿ ಉಳಿದಲ್ಲಿ ಮಾತ್ರ ಮುಂದಿನವನು ಅದನ್ನು ತನ್ನ ಕಣ್ಣಿನಿಂದ ಓದಬಲ್ಲನು. ೧೯೯೩ರಲ್ಲಿ ಹದಿನೈದು ಸಂಪುಟಗಳಾಗಿ ಹೊರಬಂದ ಸಮಗ್ರ ವಚನ ಸಂಪುಟದಂತಹ ಕಾರ್ಯದ ಬೆಲೆಯು ಇಲ್ಲಿದೆ.

ಎರಡನೆಯ ಮೇರೆಯು ನಡತೆಯದು. ಆತ್ಮವಿಚಾರದ ಗ್ರಂಥವನ್ನು ಓದಿದವನ ಅರ್ಥವು ಸರಿಯೇ ಎಂಬುದನ್ನು ಅವನ ವ್ಯಾಖ್ಯಾನದಿಂದ ಅಳೆಯಲಾಗದು. ಅವನ ಮನೆಯವರನ್ನೂ ಅವನ ಆಳುಗಳನ್ನೂ ಕೇಳಬೇಕು. ಆತ್ಮವು ಎಲ್ಲರಲ್ಲಿಯೂ ಒಂದೇ ಎಂದು ಓದಿ, ಬಾಗಿಲಿಗೆ ಬಂದವನನ್ನು ಕುಲ ಕೇಳಿ ಹೊರಗೆ ನಿಲ್ಲಿಸಿದರೆ ಅವನು ಓದಿದುದು ಅಕ್ಷರವನ್ನು ಮಾತ್ರ. ನಮ್ಮ ಸಂಡೂರಿನಲ್ಲಿ ೧೯೩೨ರಲ್ಲಿ ಅರಸರು ಕುಮಾರಸ್ವಾಮಿಯ ದೇವಾಲಯವನ್ನು ಹರಿಜನರೆಂದು ಆಗ ಕರೆಯಲ್ಪಡುತ್ತಿದ್ದವರಿಗೆ ತೆರೆಯಿಸಿದರು. ೧೯೩೪ರಲ್ಲಿ ಮಹಾತ್ಮರು ಆ ಊರಿಗೆ ಬಂದರು. ಆ ಬಾಗಿಲು ತೆರೆಯುವುದಕ್ಕೆ ಮೊದಲು ಎಲ್ಲ ಜೀವಿಗಳಲ್ಲಿಯೂ ಈಶ್ವರನಿರುವನೆಂಬ ಗ್ರಂಥಗಳನ್ನು ಈ ಸೀಮೆಯಲ್ಲಿ ಓದದೆ ಇದ್ದರೇ? ಓದುತ್ತಲೇ ಇದ್ದರು. ಓದು ನೂರಾರು ವರ್ಷಗಳದು. ಅದರ ಅರ್ಥವು ಬಾಗಿಲು ತೆರೆದ ದಿವಸದ್ದು. ಅಂತಹ ದಿ‌ವಸವೊಂದು ನಮ್ಮ ಓದಿನಿಂದ ನಮ್ಮ ಮನೆಗೆ ಬಂದಿದೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಈ ಎರಡು ಮೇರೆಗಳೊಳಗೆ ವಾಚಕರು ಎಷ್ಟು ಬಗೆಯಾಗಿ ಗ್ರಹಿಸಿದರೂ ಹಾನಿಯಿಲ್ಲ. ಈಗ ಪೇಟೆಯಲ್ಲಿ ಆತ್ಮಶಾಂತಿಯನ್ನು ಕುರಿತ ಹೊತ್ತಗೆಗಳಿಗೆ ಕೊರತೆಯಿಲ್ಲ. ಹೊಸಪೇಟೆಯ ಬಸ್ಸು ನಿಲ್ದಾಣದಲ್ಲಿ ಕೊಂಡು ಬಳ್ಳಾರಿಯನ್ನು ಮುಟ್ಟುವುದರೊಳಗೆ ಓದಿ ಮುಗಿಸಬಹುದಾದ ಪುಸ್ತಕಗಳೂ ಅವುಗಳಲ್ಲುಂಟು. ಅವನ್ನು ಪಂಡಿತರು ತಿರಸ್ಕರಿಸುವರು. ನಾನು ಹಾಗೆ ಮಾಡಲಾರೆನು. ಗಣಿಯ ಧೂಳಿನಲ್ಲಿ ದಿನವೆಲ್ಲ ದುಡಿದು ಬಂದವನು ರಾತ್ರಿ ಅಂತಹ ಪುಸ್ತಕದ ಎರಡು ಪುಟಗಳನ್ನೋದಿ ಮಕ್ಕಳ ಮೇಲೆ ಕೋಪಿಸದೆ ಮಲಗಿದರೆ, ಆ ಎರಡು ಪುಟಗಳು ತಮ್ಮ ಕೆಲಸವನ್ನು ಮಾಡಿದುವು. ಆದರೆ ಅಲ್ಲಿಯೇ ನಿಲ್ಲಬಾರದೆಂಬುದನ್ನು ಅವನಿಗೆ ಪ್ರೀತಿಯಿಂದ ತಿಳಿಸುವವರು ಬೇಕು. ಅರವಟ್ಟಿಗೆಯ ನೀರು ದಾಹವನ್ನು ತಣಿಸುವುದು; ಬೆಳೆಗೆ ಕಾಲುವೆಯೇ ಬೇಕು.

ಇನ್ನು ವಾಚಕರಲ್ಲಿ ನನ್ನ ಮೂರು ಬಿನ್ನಹಗಳು. ಒಂದು: ಗ್ರಂಥವನ್ನು ಓದಿದ ದಿವಸವೇ ಅದರ ಮೇಲೆ ತೀರ್ಪು ಹೇಳಬೇಡಿರಿ. ಇಪ್ಪತ್ತರಲ್ಲಿ ಒಣಗಿದಂತೆ ತೋರಿದ ಮಾತು ಐವತ್ತರಲ್ಲಿ ಚಿಗುರುವುದುಂಟು. ಗ್ರಂಥವು ಬದಲಾಗದು, ಓದುವವನು ಬದಲಾಗುವನು. ಎರಡು: ನಿಮಗೆ ಹಿಡಿಸಿದ ಗ್ರಂಥವನ್ನು ನೆರೆಯವನನ್ನು ಅಳೆಯುವ ಕೋಲಾಗಿ ಮಾಡಿಕೊಳ್ಳಬೇಡಿರಿ. ಅದು ಕನ್ನಡಿ, ನೋಡಿಕೊಳ್ಳಬೇಕಾದುದು ನಮ್ಮ ಮುಖವನ್ನು. ಮೂರು: ತಿಳಿಯದಿದ್ದುದನ್ನು ತಿಳಿಯಿತೆಂದು ಹೇಳಬೇಡಿರಿ. ಭಕ್ತಿಯಿಂದ ಆಡಿದ ಸುಳ್ಳೂ ಸುಳ್ಳೇ. ‘ನನಗೆ ಅರ್ಥವಾಗಲಿಲ್ಲ’ ಎಂಬ ಮಾತು ಶಿಷ್ಯನಾಗುವುದಕ್ಕೆ ಮೊದಲನೆಯ ಅರ್ಹತೆ.

ಮಠದ ಪೂಜ್ಯರಲ್ಲಿಯೂ ಒಂದು ಪ್ರಾರ್ಥನೆಯುಂಟು. ಪುರಾಣ ಪ್ರವಚನಗಳಲ್ಲಿ ಒಬ್ಬರು ಹೇಳುವರು, ಸಾವಿರ ಜನರು ಕೇಳುವರು. ಅದು ಇರಲಿ. ಅದರ ಜೊತೆಗೆ, ವಾರಕ್ಕೊಂದು ಸಂಜೆಯಾದರೂ, ಒಂದೇ ಗ್ರಂಥವನ್ನು ಓದಿ ಬಂದ ಇಪ್ಪತ್ತು ಜನರು ವೃತ್ತವಾಗಿ ಕುಳಿತು, ಮುದುಕರೂ ತರುಣರೂ, ಅಕ್ಕಂದಿರೂ ಅಣ್ಣಂದಿರೂ, ತಮತಮಗೆ ತೋಚಿದುದನ್ನು ಅಂಜದೆ ಹೇಳತಕ್ಕ ಗೋಷ್ಠಿಯೊಂದನ್ನು ದಯಪಾಲಿಸಬೇಕು. ಅಲ್ಲಿ ‘ಈ ಗ್ರಂಥವು ನನಗೆ ಹಿಡಿಸಲಿಲ್ಲ’ ಎಂದವನಿಗೂ ಒಂದು ಚಾಪೆಯಿರಬೇಕು. ಕಲ್ಯಾಣದ ಅನುಭವಮಂಟಪವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದಾದರೂ ಏನನ್ನು? ಅಲ್ಲಿ ಪ್ರಶ್ನಿಸಿದವರಿದ್ದರು, ಪರೀಕ್ಷಿಸಿದವರಿದ್ದರು, ಒಪ್ಪದವರಿದ್ದರು. ಅಕ್ಕಮಹಾದೇವಿಯವರೂ ಸಹ ಪ್ರಭುವಿನ ಕಠಿನಪ್ರಶ್ನೆಗಳಿಗೆ ಉತ್ತರವಿತ್ತೇ ಒಳಗೆ ಬಂದರೆಂದು ಶೂನ್ಯಸಂಪಾದನೆಯು ಹೇಳುತ್ತಿದೆ. ಎಲ್ಲರೂ ಒಂದೇ ಮಾತನ್ನಾಡುವ ಸ್ಥಳಕ್ಕೆ ಮಂಟಪವು ಬೇಕಾಗುತ್ತಿರಲಿಲ್ಲ.

ಹೇಮಕೂಟವನ್ನು ಏರುವುದಕ್ಕೆ ವಿರೂಪಾಕ್ಷನ ಗುಡಿಯ ಕಡೆಯಿಂದಲೂ ದಾರಿಯುಂಟು, ಕೃಷ್ಣಾಪುರದ ಕಡೆಯಿಂದಲೂ ಉಂಟು. ಕೆಳಗಿನಿಂದ ಹೊರಟವರು ಒಬ್ಬರನ್ನೊಬ್ಬರು ಕಾಣದೆ ತಮ್ಮ ದಾರಿಯೇ ಸರಿಯೆಂದು ಕೂಗಿಕೊಳ್ಳಬಹುದು. ಬಂಡೆಯ ಮೇಲೆ ಏರಿ ನಿಂತವರಿಗೆ ಕಾಣುವ ತುಂಗಭದ್ರೆಯು ಒಂದೇ. ಪ್ರಾರಂಭದಲ್ಲಿ ಹೇಳಿದ ಆ ತರುಣನು ಮುಂದಿನ ಶ್ರಾವಣದಲ್ಲಿಯೂ ಈ ಮಠದ ಮೆಟ್ಟಿಲನ್ನೇರಿ ಬರಲಿ. ಬಂದು ತನ್ನ ಸಂಶಯವನ್ನು ನಿರ್ಭಯವಾಗಿ ನುಡಿಯಲಿ. ಅದನ್ನು ಕೇಳುವ ತಾಳ್ಮೆಯನ್ನು ಹಿರಿಯರಾದ ನಮಗೆ ಶಿವನು ಕರುಣಿಸಲಿ.